ಆಸ್ಪತ್ರೆ ಎದುರಿನ ಸಂದರ್ಶನ

ತಪ್ಪೆಲ್ಲ ಆ ಪ್ರವಾಸ ಕಂಪನಿಯದು. ಊರೆಲ್ಲ ಬಿಟ್ಟು ದೊಡ್ಡಾಸ್ಪತ್ರೆಯ ಎದುರಿಗೇ ಕಚೇರಿ ಮಾಡಿಕೊಂಡಿತ್ತು. ಗಾಲಿಕುರ್ಚಿಯಲ್ಲಿ ಕೂತವನು ಆ ಬೀದಿಗೆ ಬಂದರೆ ಎಲ್ಲಿಗೆ ಹೊರಟಿದ್ದಾನೆಂದು ಕೇಳುವಷ್ಟು ದಡ್ಡರು ಅಲ್ಲಿ ಯಾರೂ ಇರಲಿಲ್ಲ.

ಗಾಲಿಕುರ್ಚಿಯಲ್ಲಿ ಬಂದ ಟೆಲಿಫೋನ್ ಆಪರೇಟರ್ ಹೊರಟಿದ್ದು ಮಾತ್ರ ಆ ಕಂಪನಿಯ ಹತ್ತು ಗಂಟೆಯ ಸಂದರ್ಶನಕ್ಕೆ. ಹಳೆಯ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ವಿಚಾರಣೆ ಕೌಂಟರಿನ ಈ ಕೆಲಸ ಗಿಟ್ಟಿಸದೆ ಮನೆಗೆ ಬರುವುದಿಲ್ಲವೆಂದು ಹೆಂಡತಿಗೆ ಹೇಳಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

ಮೊದಲು ಕಂಡವಳು ಹೂವಿನಂಗಡಿಯಾಕೆ. ಪಾಪ ಪಾಪ ಎನ್ನುತ್ತ ಕುರ್ಚಿ ದಬ್ಬಿಕೊಂಡು ಹೋಗಿ ಆಸ್ಪತ್ರೆಯೊಳಗೆ ಬಿಟ್ಟಳು. ಅವನು ಹೊರಬಂದ. ಬ್ಯಾಂಕಿನ ಕಾವಲುಗಾರ ಮತ್ತೆ ಒಳಗೆ ತಳ್ಳಿದ. ಈ ಸಲ ನರ್ಸು ಅವನ ಬಾಯಿಗೆ ಥರ್ಮಾಮೀಟರ್ ತುರುಕಿ, ಇವರ ಹೆಸರೇನೆಂದು ಕಾವಲುಗಾರನನ್ನು ಕೇಳಿದಳು.

"ಪಾಪ, ಮಾತು ಬರಲ್ಲ ಅನ್ಸುತ್ತೆ" ಎಂದ ಕಾವಲುಗಾರ. ಥರ್ಮಾಮೀಟರ್ ಬಾಯಲ್ಲಿದ್ದರೆ ಯಾರಿಗೆ ತಾನೇ ಬರುತ್ತದೆ?

ಹಟ ಬಿಡದೆ ಅವನು ಕಚೇರಿಯ ಗೇಟು ಮುಟ್ಟಿದಾಗ ಹತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ಗೇಟಿನ ಬಳಿ ಒಬ್ಬ ವಿದೇಶಿ ಚೀಲ ಹಿಡಿದು, ಗೋಡೆಯ ಫಲಕ ನೋಡುತ್ತ ನಿಂತಿದ್ದ. ದಾರಿ ತಪ್ಪಿದ್ದಾನೆಂದು ಆಪರೇಟರಿಗೆ ನೋಡಿದೊಡನೆ ಗೊತ್ತಾಯಿತು. ಕರುಳು ಚುರುಕ್ಕೆಂದಿತು. ಅಷ್ಟರಲ್ಲಿ ವಿಮಾನ ನಿಲ್ದಾಣದ ಬಸ್ಸೂ ಬಂತು. ಎರಡು ಕೈ ರೆಕ್ಕೆಯಂತೆ ಅಗಲಿಸಿ ತೋರಿಸುತ್ತ, ಅಕ್ಷರ ಅಕ್ಷರ ಬಿಡಿಸಿ "ವಿ... ಮಾ... ನ" ಎಂದು ಕಿರುಚಿದ. ವಿದೇಶಿ ತಲೆಯಾಡಿಸಿ ಏನೋ ಹೇಳಹೊರಟ. ಪಾಪ, ಸಂಕೋಚ ಎಂದುಕೊಂಡ ಆಪರೇಟರ್ ಅವನ ತೋಳು ಹಿಡಿದೆಳೆದು ಕಂಡಕ್ಟರಿಗೆ ಒಪ್ಪಿಸಿಯೇ ಬಿಟ್ಟ. ಬಸ್ಸು ಹೊರಟಾಗ ವಿದೇಶಿ ಕಿಟಕಿಯಿಂದ ಜೋರಾಗಿ ಕೈಬೀಸಿದ. ಇವನೂ ಬೀಸಿದ.

ಒಳಗೆ ಇನ್ನೂ ನಾಲ್ವರು ಸಂದರ್ಶನಕ್ಕೆ ಕಾಯುತ್ತಿದ್ದರು. ಹತ್ತಾಯಿತು, ಹನ್ನೊಂದಾಯಿತು. ಕೊನೆಗೆ ಕಚೇರಿಯ ಮೇಡಂ ಮುಖ ಗಂಟಿಕ್ಕಿಕೊಂಡು ಬಂದರು. ಸಂದರ್ಶನ ಮಾಡಬೇಕಿದ್ದ ಹೊಸ ವಿದೇಶಿ ಮ್ಯಾನೇಜರನ್ನು ಯಾರೋ ಗೇಟಿನಿಂದಲೇ ಬಲವಂತವಾಗಿ ಬಸ್ಸು ಹತ್ತಿಸಿದರಂತೆ. ಆ ಮಹಾನುಭಾವ ಇಲ್ಲೇ ಇದ್ದರೆ ಕೆಲಸದ ಆಸೆ ಬಿಡಲಿ ಎಂದು ಮ್ಯಾನೇಜರು ವಿಮಾನ ನಿಲ್ದಾಣದಿಂದ ಫೋನು ಮಾಡಿ ಹೇಳಿದರಂತೆ, ಅವನು ಹೇಗಿದ್ದನೆಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತಂತೆ.

ಆಪರೇಟರ್ ಕುರ್ಚಿಯನ್ನು ಮೆಲ್ಲಗೆ ಮೂಲೆಗೆ ಸರಿಸಿಕೊಂಡ. ಮೇಡಂ ನಾಲ್ವರನ್ನೂ ಒಬ್ಬೊಬ್ಬರಾಗಿ ಗದರಿಸಿ ಕೇಳಿದರು. ಇವನ ಸರದಿ ಬಂದಾಗ ದನಿ ಬೆಣ್ಣೆಯಾಯಿತು.

"ನಿಮ್ಮನ್ನೇನ್ ಕೇಳೋದು ಬಿಡಿ. ಪಾಪ, ನಿಮ್ಮ ಕೈಲಿ ಏನಾಗುತ್ತೆ?"

ಸುಮ್ಮನಿದ್ದಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಆದರೆ ಬೆಳಗಿನಿಂದ ಕೇಳಿಸಿಕೊಂಡದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು.

"ಯಾಕಾಗಲ್ಲ ಮೇಡಂ?" ಎಂದ ಎದೆ ಸೆಟೆಸಿ. "ಅವರನ್ನ ಬಸ್ಸು ಹತ್ತಿಸಿದ್ದು ನಾನೇ. ಅದೂ ಒಂದೇ ಕೈಲಿ."