ಗೋಳಗುಮ್ಮಟ ಹಿಡಿದು ಕಾರು ಪರೀಕ್ಷಿಸಿದ್ದು

ವಾಹನಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಈ ಚಳಿಗಾಲದ ಒಂದು ಶುಕ್ರವಾರ ಆ ಕಾಲ ಮುಗಿಯಿತು.

ನಾನು ದೋಹಾದಲ್ಲಿ ಶಾಲೆಯ ಬಸ್ಸು ಓಡಿಸುತ್ತೇನೆ. ನಾನು ಶಾಲೆಯ ಒಳಗೆ ಕೂತದ್ದು ಏಳನೇ ಇಯತ್ತೆಯವರೆಗೆ ಮಾತ್ರ. ತಮ್ಮ ಸಂಗಮೇಶ ಹಾಗಲ್ಲ, ಇಂಜಿನಿಯರು. ಸಮುದ್ರದ ನಡುವಿನ ಗ್ಯಾಸ್ ಪ್ಲಾಟ್‌ಫಾರ್ಮಿನಲ್ಲಿ ಕೆಲಸ. ರಜೆ ಬಂದಾಗ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಮನೆಯಲ್ಲೇ ಇರುತ್ತಾನೆ. ಅವನಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು: ಅಮೆರಿಕದ ಹಳೆಯ ಮಸಲ್ ಕಾರು. ಉದ್ದ ಮೂತಿ, ದೈತ್ಯ ಎಂಜಿನ್, ಚಾಲೂ ಮಾಡಿದರೆ ಓಣಿಯ ಕೂಸುಗಳೆಲ್ಲ ಎದ್ದು ಅಳಬೇಕು! ಅಂಥದ್ದೊಂದು ಊರಂಚಿನ ಮುಐದರ್‌ನ ಹಿರಿಯ ಕತಾರಿಯೊಬ್ಬರ ಮನೆಯಲ್ಲಿ ಮಾರಾಟಕ್ಕಿದೆ ಎಂದು ಗೊತ್ತಾದಾಗ ಅವನು ಸಮುದ್ರದ ನಡುವೆ ಸಿಕ್ಕಿಕೊಂಡಿದ್ದ. ಫೋನು ಬಂತು.

"ಅಣ್ಣಾ, ಇವತ್ತ ಸಂಜಿಕ ಹೂಂ ಅನ್ನಲಿಲ್ಲಂದ್ರ ಬ್ಯಾರೇದವರಿಗೆ ಕೊಡ್ತಾರಂತ. ನೀ ಹೋಗಿ ನೋಡು. ಇಂಥಾ ಕಾರಿನ್ಯಾಗ ನಕಲೀನ ಭಾಳ."

"ಹ್ಯಾಂಗ್ ನೋಡ್ಬೇಕು?"

"ಮುಂದಿನ ಗಾಜಿನ ಬುಡಕ್ಕ ತಗಡಿನ ಮ್ಯಾಲ ಒಂದು ನಂಬರ್ ಇರ್ತದ. ಅದರ ಕಡೀ ಅಂಕಿಗೋಳು ಎಂಜಿನ್ ಮ್ಯಾಲೂ ಇರಬೇಕು. ಆಮ್ಯಾಲ ಕಾರಿನ ಮೈಗೆ ಮ್ಯಾಗ್ನೆಟ್ ಹಚ್ಚು. ಹಿಡಿದ್ರ ಕಬ್ಬಿಣ, ಬಿದ್ರ ತುಕ್ಕು ಮುಚ್ಚಾಕ ಪುಟ್ಟಿ ಮೆತ್ಯಾರಂತ ತಿಳಿ."

"ಇಷ್ಟನ? ಬಸ್ ಹೊಡ್ಯಾವ್ಗ ಇದೇನ್ ಹೇಳ್ತೀಯೋ!"

"ನೀ ಹೂಂ ಅಂದ್ರ ತೊಗೋತೀನಿ, ಒಲ್ಲೆ ಅಂದ್ರ ಬಿಡ್ತೀನಿ ಅಣ್ಣಾ."

ಓದಿದ ತಮ್ಮ ಓದದ ಅಣ್ಣನ ತೀರ್ಪಿಗೆ ಕಾದು ಕೂತಿದ್ದಾನೆ! ನಾನು ಹಿಗ್ಗಿದೆ. ಹೆಂಡತಿ ಮಹಾದೇವಿ ಪಕ್ಕದ ಮನೆಗೆ ಹೋಗಿದ್ದಳು. ನಮ್ಮ ಫ್ರಿಜ್ ಮೇಲೆ ವಿಜಯಪುರದಿಂದ ತಂದ ಗೋಳಗುಮ್ಮಟದ ಮ್ಯಾಗ್ನೆಟ್ ಇತ್ತು. ಕೀಳಹೋದೆ. ಬರಲಿಲ್ಲ. ಕಾಲು ಗಟ್ಟಿ ಊರಿ ಎರಡೂ ಕೈಯಿಂದ ಜಗ್ಗಿದಾಗ ಕಿತ್ತು ಬಂತು. ಎಂಥ ಶಕ್ತಿ! ನಮ್ಮೂರಿನ ಮಾಲೇ ಬೇರೆ! ಹಿಂದುಗಡೆ ಏನೋ ಅಂಟಂಟಾಗಿತ್ತು. ಅಡುಗೆಮನೆಯ ಜಿಡ್ಡು ಎಂದುಕೊಂಡು ಚೆನ್ನಾಗಿ ತಿಕ್ಕಿ ಒರೆಸಿ ಜೇಬಿಗೆ ಹಾಕಿಕೊಂಡೆ.

ಮುಐದರ್‌ನ ಹಿರಿಯರು ಖರ್ಜೂರ, ಅರಬ್ಬರ ಕಾಫಿ ಕಹ್ವಾ ಕೊಟ್ಟು ಉಪಚರಿಸಿದರು. ಕಾರು ಕಪ್ಪಗೆ ಮಿಂಚುತ್ತಿತ್ತು. ತಗಡಿನ ನಂಬರ್ ನೋಡಿದೆ, ಎಂಜಿನ್ ನಂಬರ್ ನೋಡಿದೆ. ಒಂದಕ್ಕೊಂದು ಕೂಡಿದವು! ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ನನ್ನ ಜೇಬಿನಲ್ಲಿ ಗೋಳಗುಮ್ಮಟವಿತ್ತು.

ಮೊದಲು ಟಾಪಿನ ಮೇಲೆ ಇಟ್ಟೆ. ನಿಂತಿತು. ಬಾನೆಟ್ ಮೇಲೆ ಇಟ್ಟೆ. ನಿಂತಿತು. ಬಾಗಿಲಿಗೆ ಹಚ್ಚಿದೆ. ದೊಪ್ಪನೆ ಬಿತ್ತು! ಇನ್ನೊಂದು ಬಾಗಿಲು. ದೊಪ್! ಗಾಲಿಯ ಮೇಲಿನ ತಗಡು. ದೊಪ್! ಹಿರಿಯರು ಪ್ರತಿ ಸಲವೂ ಬಗ್ಗಿ ಗುಮ್ಮಟ ಎತ್ತಿ ನನ್ನ ಕೈಗಿಟ್ಟರು. ನಾನು ನ್ಯಾಯಾಧೀಶನ ಹಾಗೆ ಗಂಟಲು ಸರಿಮಾಡಿಕೊಂಡು ನನ್ನ ಹಿಂದಿಯಲ್ಲಿ ತೀರ್ಪು ಕೊಟ್ಟೆ:

"ಊಪರ್ ಅಸ್ಲೀ. ಸೈಡ್ ಪೂರಾ ನಕ್ಲೀ!"

ಅವರು ಬಾಗಿಲಿಗೆ ಗುದ್ದಿದರು. ಠಣ್ ಎಂದಿತು. ಈಗಿನ ಪುಟ್ಟಿಯೂ ಏನು ಗಟ್ಟಿ ಬರುತ್ತದಪ್ಪಾ, ಎಂದುಕೊಂಡೆ. ಅವರ ನಗು ಮಾಯವಾಯಿತು. "ಖಲಾಸ್" ಎಂದು ಕೀಲಿಕೈ ತೆಗೆದುಕೊಂಡು ಒಳಗೆ ನಡೆದರು.

"ಸಂಗೂ, ಬ್ಯಾಡ," ಎಂದೆ ಫೋನಿನಲ್ಲಿ.

"ನಂಬರ್ ಕೂಡ್ಯಾವಲ್ಲ ಅಣ್ಣಾ?"

"ನಂಬರ್ ಯಾರರೆ ಕೊರೀತಾರ. ಮ್ಯಾಗ್ನೆಟ್ ಸುಳ್ಳ ಹೇಳೂದಿಲ್ಲ!"

"ಆತು ಅಣ್ಣಾ. ನೀ ಅಂದ್ರ ಮುಗೀತು," ಎಂದ.

ಮನೆಗೆ ಬಂದರೆ ಮಹಾದೇವಿ ಫ್ರಿಜ್ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ರೀ, ಗೋಳಗುಮ್ಮಟ ಎಲ್ಲಿ?"

ನಾನು ವಿಜಯದ ಕಥೆಯನ್ನು ಪೂರ್ತಿ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಅದರ ಮ್ಯಾಗ್ನೆಟ್ ಯಾವಾಗೋ ಉದುರಿ ಹೋಗೇದ್ರಿ! ನಾ ಡಬಲ್ ಟೇಪ್ ಹಚ್ಚಿ ಅಂಟ್ಸಿದ್ದೆ!"

ಟಾಪಿನ ಮೇಲೆ ಅದು ಯಾಕೆ ನಿಂತಿತು ಎಂದು ಆಗ ಹೊಳೆಯಿತು. ಅಲ್ಲಿ ನನ್ನ ಚಪ್ಪಲಿ ಇಟ್ಟಿದ್ದರೂ ನಿಲ್ಲುತ್ತಿತ್ತು!

ಕೂತ ಕುರ್ಚಿ ಬಿಸಿಯಾಗುವ ಮೊದಲೇ ಎದ್ದು ಮತ್ತೆ ಮುಐದರ್‌ಗೆ ಓಡಿದೆ. ಪ್ರತಿ ಸಿಗ್ನಲ್ಲೂ ನನಗಾಗಿಯೇ ಕೆಂಪಾಯಿತು. ಹೋಗಿ ನೋಡಿದರೆ ಕಪ್ಪು ಕಾರು ಆಗಲೇ ಬೇರೆಯವರು ತಂದ, ಕಾರು ಹೊರುವ ರಿಕವರಿ ಗಾಡಿಯ ಬೆನ್ನೇರಿ ಗೇಟು ದಾಟುತ್ತಿತ್ತು. ಹಿರಿಯರಿಗೆ ಕೈ ಮುಗಿದು ಗುಮ್ಮಟದ ಬೆನ್ನು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಎದೆ ತಟ್ಟಿ "ಅಸ್ಲೀ" ಎಂದರು. ತಲೆ ತಟ್ಟಿ "ಊಪರ್ ಮಾಫಿ" ಎಂದರು. ಮೇಲೆ ಏನೂ ಇಲ್ಲ ಎಂದು! ನನ್ನದೇ ತೀರ್ಪು ತಲೆಕೆಳಗಾಗಿ ನನಗೇ ಬಂತು.

ಆಮೇಲಿನ ದಿನಗಳಲ್ಲಿ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಮಕ್ಕಳನ್ನು ಇಳಿಸಿ ಖಾಲಿ ಬಸ್ಸಿಗೆ ತಪ್ಪೊಪ್ಪಿಗೆ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ನಿಜ ಹೇಳುತ್ತೇನೆ, ನನ್ನನ್ನು ಕಾಡಿದ್ದು ಗುಮ್ಮಟ ಅಲ್ಲ. ನಂಬರ್ ಕೂಡಿದಾಗ ನನಗೆ ಒಳಗೊಳಗೇ ನಿರಾಸೆಯಾಗಿತ್ತು. ಎಲ್ಲ ಸರಿ ಇದ್ದರೆ ನನ್ನ ಜಾಣತನಕ್ಕೆ ಏನು ಕೆಲಸ? ತಪ್ಪು ಸಿಗಲಿ ಎಂದೇ ಹುಡುಕಿದ್ದೆ. ಸಿಕ್ಕಿತು.

ತಮ್ಮ ರಜೆಗೆ ಬಂದ. ಬಂದವನೇ ಗೆಳೆಯರಿಗೆಲ್ಲ ಫೋನು ಮಾಡಿ, "ನಮ್ಮಣ್ಣ ಇರಲಿಲ್ಲಂದ್ರ ನಾ ಮುಳುಗಿಹೋಗ್ತಿದ್ದೆ" ಎಂದು ಸಾರತೊಡಗಿದ. ಊಟಕ್ಕೆ ಕೂತಾಗ ಮಹಾದೇವಿ 'ಹೇಳ್ರಿ' ಎಂಬಂತೆ ನನಗೆ ಕಣ್ಣು ಬಿಟ್ಟಳು. ರೊಟ್ಟಿ ಮುರಿಯುತ್ತ ನಾನು ಬಾಯಿಬಿಟ್ಟೆ:

"ಸಂಗೂ, ಆ ಕಾರು ಅಸಲಿನ ಇತ್ತೋ. ನನ್ನ ಮ್ಯಾಗ್ನೆಟ್ಟ ಖೊಟ್ಟಿ ಇತ್ತು."

ಅವನು ನನ್ನ ಮುಖ ನೋಡಿದ. ಕಣ್ಣು ತುಂಬಿಕೊಂಡ.

"ಕಾರು ಹೋತಂತ ನಾ ಮರಗಬಾರ್ದಂತ ಇಷ್ಟೆಲ್ಲಾ ಸುಳ್ಳ ಹೇಳ್ತಿಯಲ್ಲ ಅಣ್ಣಾ! ವೈನೀ, ನೋಡ್ರಿ ಇವನ ಮನಸ್ಸು!"

"ಸುಳ್ಳಲ್ಲೋ! ಅದಽ ಗೋಳಗುಮ್ಮಟ! ಕಿತ್ತಿ ನೋಡು ಬೇಕಾರ!"

ಅವನು ಎದ್ದು ಫ್ರಿಜ್ಜಿಗೆ ಹೋಗಿ ಜಗ್ಗಿದ. ಬರಲಿಲ್ಲ. ಎರಡೂ ಕೈ ಹಾಕಿದ. ಫ್ರಿಜ್ಜೇ ಅಲುಗಾಡಿತು, ಗುಮ್ಮಟ ಅಲುಗಲಿಲ್ಲ. ಮಹಾದೇವಿ ಈ ಸಲ ಹೊಸ ಟೇಪನ್ನು ಎರಡು ಪದರ ಹಚ್ಚಿದ್ದಳು!

"ಎಂಥಾ ಶಕ್ತಿ ಅಣ್ಣಾ!" ಎಂದ ನನ್ನ ಇಂಜಿನಿಯರ್ ತಮ್ಮ.

ಬರುವ ಶುಕ್ರವಾರ ಅಲ್ ಗರಾಫಾದಲ್ಲಿ ಅವನ ಗೆಳೆಯನೊಬ್ಬ ಹಳೆಯ ಕಾರು ಕೊಳ್ಳುತ್ತಿದ್ದಾನಂತೆ. ಪರೀಕ್ಷೆಗೆ ನನ್ನನ್ನೇ ಕರೆದಿದ್ದಾರೆ. ಗೋಳಗುಮ್ಮಟ ಮರೆಯದೆ ತರಬೇಕಂತೆ.