ಕೋಟೆಯ ಮಣ್ಣಿನಲ್ಲಿ ಹನ್ನೊಂದು ಟುಲಿಪ್

‘ಜಗದ್‌ಬುಟ್ಟಿ’ ಜಾಲತಾಣದ ಸಕಲವಿದ್ಯಾಪಾರಂಗತ ಸಂಪಾದಕರ ಸನ್ನಿಧಿಗೆ,

ಮಾನ್ಯರೇ,

ಭಾಲ್ಕಿಯ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ, ನಿವೃತ್ತನಾಗಿ, ಈಗ ಬೀದರದ ಹಳೆಯ ಊರಿನಲ್ಲಿ ವಾಸಿಸುವ ನಾಗಸೇನನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಅಂಥ ಲೇಖನಗಳನ್ನು ಬರೆದ ಮೇಲೂ ಓದುಗರಾರಿಗೂ ತಮ್ಮ ಮನೆಯ ವಿಳಾಸ ಸಿಕ್ಕಿಲ್ಲವಾದ್ದರಿಂದ ಕ್ಷೇಮವಾಗಿಯೇ ಇರುತ್ತೀರಿ.

ಮೊದಲು ಉಪಕಾರಸ್ಮರಣೆ. ಎಂಟು ಕಾಲಿನ ಆಕ್ಟೋಪಸ್‌ಗೆ ಮೂರು ಹೃದಯಗಳಿವೆ, ಪ್ಯಾರಿಸ್ಸಿನ ಕಬ್ಬಿಣದ ಗೋಪುರ ಬೇಸಿಗೆಯ ಬಿಸಿಗೆ ಗೇಣುದ್ದ ಬೆಳೆಯುತ್ತದೆ, ವೆನಿಸ್ ನಗರ ಮರದ ಕಂಬಗಳ ಮೇಲೆ ನಿಂತಿದೆ ಎಂದು ದಿನಾ ಬೆಳಿಗ್ಗೆ ತಿಳಿಸಿ ಈ ಮುದುಕನನ್ನು ಜ್ಞಾನಿಯಾಗಿಸಿದ್ದೀರಿ. ಆ ಜ್ಞಾನವನ್ನು ನಾನು ಒಬ್ಬನೇ ನುಂಗುತ್ತಿರಲಿಲ್ಲ. ಪಕ್ಕದ ಮನೆಯ ಮುಜೀಬೋದ್ದೀನ ಭಾಯಿಗೆ ಓದಿ ಹೇಳುತ್ತಿದ್ದೆ. ಅವರು ಬಿದರಿ ಕೆಲಸದ ಉಸ್ತಾದರು. ಇಪ್ಪತ್ತೆಂಟು ವರ್ಷಗಳಿಂದ ನಮ್ಮಿಬ್ಬರ ಬೆಳಗಿನ ಚಹಾ ಒಂದೇ ಕಟ್ಟೆಯ ಮೇಲೆ. “ಮೂರು ದಿಲ್ ಏನ್ರಿ ಸರ್? ನಮಗ ಒಂದು ಸಂಭಾಳಸೋದೇ ಆಗವಲ್ದು” ಎಂದು ಅವರು ನಗುತ್ತಿದ್ದರು.

ಇನ್ನು ತಮ್ಮ ಮೇರುಕೃತಿಯ ವಿಷಯ. ‘ನಿಮ್ಮಂಗಳದಲ್ಲೇ ಆಮ್‌ಸ್ಟರ್‌ಡ್ಯಾಮ್’ ಎಂಬ ಆ ಲೇಖನದಲ್ಲಿ ತಾವು ಒಂದು ಕಾಲಕ್ಕೆ ಟುಲಿಪ್ ಗಡ್ಡೆಗೆ ಮನೆಯೊಂದರ ಬೆಲೆ ಇತ್ತೆಂದು ಇತಿಹಾಸವನ್ನೂ, ಗಡ್ಡೆಯನ್ನು ಎಂಟು ವಾರ ಫ್ರಿಜ್ಜಿನಲ್ಲಿಟ್ಟರೆ ಅದು ಚಳಿಗಾಲ ಕಳೆಯಿತೆಂದು ಮೋಸಹೋಗುತ್ತದೆಂದು ವಿಜ್ಞಾನವನ್ನೂ ಬೋಧಿಸಿದಿರಿ. ಮೋಸಹೋಗುವ ವಿಷಯದಲ್ಲಿ ಗಡ್ಡೆಗೂ ನನಗೂ ಸ್ಪರ್ಧೆ ಏರ್ಪಟ್ಟಿತು. ನನ್ನ ಹೆಂಡತಿ ಸುಮನ, “ಭೂಗೋಳ ಕಲಿಸಿದವರಿಗಿ ಬೀದರದಾಗ ಬರ್ಫ ಬೀಳಂಗಿಲ್ಲಂತ ನಾ ಹೇಳಬೇಕೇನ್ರಿ?” ಎಂದು ಕೇಳಿದಳು. ನಾನು ಅವಳಿಗೆ ತಮ್ಮ ಲೇಖನದ ಫೋಟೋ ತೋರಿಸಿ ಬಾಯಿ ಮುಚ್ಚಿಸಿದೆ. ತಮ್ಮ ಪುಟದ ಬದಿಯ ಜಾಹೀರಾತಿನಿಂದ ಹನ್ನೆರಡು ಗಡ್ಡೆ ತರಿಸಿದೆ. ಬಂದದ್ದು ಹನ್ನೊಂದು. ಅದರ ಬಗ್ಗೆ ತಮಗೆ ಈಗಾಗಲೇ ಮೂರು ದೂರು ಬರೆದಿದ್ದು, ತಾವು ಒಂದಕ್ಕೂ ಉತ್ತರಿಸದಷ್ಟು ದೊಡ್ಡ ಮನಸ್ಸಿನವರಾದ್ದರಿಂದ ಇಲ್ಲಿ ಮತ್ತೆ ಎತ್ತುವುದಿಲ್ಲ.

ಲೇಖನದ ನಾಲ್ಕನೆಯ ಸೂಚನೆ ಹೀಗಿತ್ತು: “ವರ್ಷಗಟ್ಟಲೆ ಬಿಸಿಲು, ಮಳೆ ಕಾಣದ, ಕಳೆಯ ಬೀಜವಿಲ್ಲದ ಹಳೆಯ ಮಣ್ಣು ಸಿಕ್ಕರೆ ನಿಮ್ಮಂಥ ಭಾಗ್ಯವಂತರಿಲ್ಲ.” ಅಯ್ಯೋ ಮಹಾನುಭಾವರೇ, ಆ ಭಾಗ್ಯ ನಮ್ಮ ಉಗ್ರಾಣದ ಬಾಗಿಲ ಹಿಂದೆ ಗೋಣಿಚೀಲದಲ್ಲಿ ಕೂತಿತ್ತು!

ಅದು ಮುಜೀಬ ಭಾಯಿಯ ಚೀಲ. ಬಿದರಿ ಪಾತ್ರೆಗೆ ಬೆಳ್ಳಿಯ ಹೂಬಳ್ಳಿ ಕೂಡಿಸಿದ ಮೇಲೆ ಅದನ್ನು ನವಸಾಗರವೆಂಬ ಉಪ್ಪು ಬೆರೆಸಿದ ಮಣ್ಣಿನ ನೀರಿನಲ್ಲಿ ಕಾಯಿಸುತ್ತಾರೆ. ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದಕ್ಕೆ ಎಲ್ಲ ಮಣ್ಣೂ ಆಗುವುದಿಲ್ಲ. ಕೋಟೆಯೊಳಗೆ ಬಿಸಿಲು ಮಳೆ ತಾಗದೆ ಬಿದ್ದ ಹಳೆಯ ಮಣ್ಣೇ ಬೇಕು, ಅದನ್ನೂ ಉಸ್ತಾದರು ನಾಲಿಗೆಯ ಮೇಲಿಟ್ಟು ರುಚಿ ನೋಡಿಯೇ ಆರಿಸುತ್ತಾರೆ. ಆ ಚೀಲ ಅವರ ತಂದೆ ತಂದಿಟ್ಟದ್ದು, ಅಂಥ ಮಣ್ಣು ಈಗ ಸುಲಭಕ್ಕೆ ಸಿಗದು. ಅವರ ಮಾಳಿಗೆ ಸೋರುತ್ತದೆಂದು, “ಅಮಾನತ್ ಅಂತ ಇಟ್ಕೋರಿ ಸರ್” ಎಂದು, ಕೇಳಿದಾಗ ಹಿಂತಿರುಗಿಸಬೇಕಾದ ನಂಬಿಕೆಯ ಒತ್ತೆಯಾಗಿ, ಆರು ವರ್ಷದ ಹಿಂದೆ ನನ್ನ ಕೈಗೆ ಕೊಟ್ಟಿದ್ದರು.

ಆ ಅಮಾನತ್ತನ್ನು ನಾನು ಗಡ್ಡೆಗಳ ಪೊಟ್ಟಣ ಬರುವ ಮೊದಲೇ ಹನ್ನೆರಡು ಕುಂಡಗಳಿಗೆ ಸುರಿದೆ. ಐದನೆಯ ಸೂಚನೆಯಂತೆ ಸಗಣಿ ಗೊಬ್ಬರ, ಬೇವಿನ ಹಿಂಡಿ ಬೆರೆಸಿದೆ. ನೀರೂ ಹಾಕಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ವಿವರಿಸುತ್ತಲೇ ಮುದುಕನಾದ ನಾನು, ಹಾಲೆಂಡಿನ ಹೂವಿಗಾಗಿ ನಮ್ಮೂರ ಕೋಟೆಯ ಮಣ್ಣನ್ನು ಕೆಡಿಸಿದೆ. ಚೀಲ ಕೊಡುವಾಗ ಅವರು ಹೇಳಿದ್ದ ಮಾತು ಸುರಿಯುವಾಗ ನೆನಪಾಗಲಿಲ್ಲವೇ ಎಂದು ತಾವು ಕೇಳಬಹುದು. ನೆನಪಾಗಿತ್ತು. ಒಂದು ಬುಟ್ಟಿ ತೆಗೆದರೆ ಏನಾದೀತು ಎಂದುಕೊಂಡೆ. ಆಮೇಲೆ ಎರಡನೆಯ ಬುಟ್ಟಿ, ಆಮೇಲೆ ಚೀಲ ಖಾಲಿ.

ಕಳೆದ ತಿಂಗಳು ಮುಜೀಬ ಭಾಯಿ ಚೀಲ ಕೇಳಲು ಬಂದರು. ಅವರ ಕೈ ಈಗ ನಡುಗುತ್ತದೆ. ಆಯುಷ್ಯವೆಲ್ಲ ಊರವರಿಗೆ ಮಾಡಿಕೊಟ್ಟವರು ಹೆಂಡತಿ ಮಹಮೂದಾ ಬೇಗಂ ಅವರಿಗೆಂದು ಒಂದು ಬಟ್ಟಲನ್ನೂ ಮಾಡಿರಲಿಲ್ಲ. ಈಗ ಐದು ತಿಂಗಳು ಕೂತು ಆಕೆಗಾಗಿಯೇ ಒಂದು ಹೂದಾನಿ ಮಾಡಿದ್ದರು. ಇದೇ ಕೊನೆಯದು, ಕಪ್ಪು ಮಾಡುವುದೊಂದೇ ಬಾಕಿ. ನಾನು ಕುಂಡಗಳನ್ನು ತೋರಿಸಿದೆ. ಬೈದಿದ್ದರೆ ಬದುಕುತ್ತಿದ್ದೆ. “ಮಣ್ಣು ಹೋಗಲಿ ಸರ್. ನನಗ ಒಂದು ಮಾತು ಕೇಳಬೇಕಾಗಿತ್ತರಿ” ಎಂದು ಹೊರಟುಹೋದರು. ಅಂದಿನಿಂದ ಹತ್ತೊಂಬತ್ತು ದಿನ ಕಟ್ಟೆಯ ಮೇಲೆ ನನ್ನದೊಂದೇ ಚಹಾದ ಲೋಟ.

ಆದ್ದರಿಂದ ತಮ್ಮಲ್ಲಿ ಕೆಲವು ಅಲ್ಪ ಬೇಡಿಕೆಗಳು. ಸಗಣಿಯಿಂದ ಕೋಟೆಯ ಮಣ್ಣನ್ನು ಕಣಕಣವಾಗಿ ಬೇರ್ಪಡಿಸಬಲ್ಲ ಲೇಖಕರೊಬ್ಬರನ್ನು ಕೂಡಲೇ ಬೀದರಕ್ಕೆ ಕಳಿಸಿ. ಊಟ, ವಸತಿ ನಮ್ಮದು, ರೊಟ್ಟಿಗೆ ಪುಂಡಿಪಲ್ಯ ಉಂಟು. ಅದಾಗದಿದ್ದರೆ ಐನೂರು ವರ್ಷದ ಕತ್ತಲನ್ನು ಒಂದು ಚೀಲದಲ್ಲಿ ತುಂಬಿ ಕೊರಿಯರ್ ಮಾಡಿ. ನಮ್ಮ ಪಕ್ಕದ ಔರಾದದ ಕಡೆ ಒಂದಿಷ್ಟು ಹಿಮ ಬೀಳಿಸಿದರೂ ಸಂತೋಷ. ಈವರೆಗೆ ಒಂದು ಗಡ್ಡೆಯೂ ಕಣ್ಣುಬಿಟ್ಟಿಲ್ಲ. ಇಷ್ಟೂ ಆಗದಿದ್ದರೆ, ನಂಬಿ ಇಟ್ಟದ್ದನ್ನು ಕೆಡಿಸಿದವನು ಪಕ್ಕದ ಮನೆಯ ಬಾಗಿಲು ಹೇಗೆ ಬಡಿಯಬೇಕು ಎಂಬ ಬಗ್ಗೆ ಹತ್ತು ಸರಳ ಸೂಚನೆಗಳ ಲೇಖನವೊಂದನ್ನು ಪ್ರಕಟಿಸಿ. ಅದನ್ನು ಮಾತ್ರ ನಾನು ತಪ್ಪದೆ ಪಾಲಿಸುತ್ತೇನೆ.

ತಮ್ಮ ಜ್ಞಾನದ ಭಾರಕ್ಕೆ ಬೆನ್ನು ಬಾಗಿರುವ,
ತಮ್ಮ ವಿಶ್ವಾಸಿ,
ನಾಗಸೇನ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಸುಮನ ತಾನೇ ಹೋಗಿ ಮುಜೀಬ ಭಾಯಿಯನ್ನು ಕರೆತಂದಳು. ಅವರು ಹನ್ನೊಂದು ಕುಂಡಗಳ ಮಣ್ಣನ್ನು ಚಿಟಿಕೆ ಚಿಟಿಕೆ ನಾಲಿಗೆಗೆ ಹಚ್ಚಿ, ಹನ್ನೊಂದು ಸಲ ಉಗುಳಿದರು. ಆಗ ಸುಮನ ಉಗ್ರಾಣದಿಂದ ಹನ್ನೆರಡನೆಯ ಕುಂಡ ತಂದಿಟ್ಟಳು. ಬರಬೇಕಾದ ಗಡ್ಡೆ ಬರಲಿಲ್ಲವೆಂದು ಅದಕ್ಕೆ ಗೊಬ್ಬರವನ್ನೂ ನೀರನ್ನೂ ಹಾಕದೆ ಪೇಪರ್ ಮುಚ್ಚಿ ಇಟ್ಟದ್ದು ನನಗೇ ಮರೆತಿತ್ತು. ಮುಜೀಬ ಭಾಯಿ ರುಚಿ ನೋಡಿ ಕಣ್ಣು ಮುಚ್ಚಿದರು, ಉಗುಳಲಿಲ್ಲ. “ಇದು ಅಬ್ಬಾನ ಮಣ್ಣೇ ಅದ” ಎಂದರು. ಒಂದು ಹೂದಾನಿಗೆ ಸಾಕಂತೆ. ಆಮೇಲೆ ಸುಮನಳ ಕಡೆ ತಿರುಗಿ, “ಬಾಯಿ ಕಹಿ ಆಗ್ಯಾದ್ರಿ, ಚಾ ಇಡ್ರಿ” ಎಂದರು. ಆದಕಾರಣ ಒಂದು ಗಡ್ಡೆ ಕಡಿಮೆ ಬಂದ ಬಗ್ಗೆ ಬರೆದಿದ್ದ ಮೂರೂ ದೂರುಗಳನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ತಮ್ಮಿಂದ ಈ ಮನೆಗೆ ಉಪಯೋಗವಾದದ್ದು, ತಾವು ಕಳಿಸದೆ ಉಳಿಸಿಕೊಂಡ ಆ ಗಡ್ಡೆಯೊಂದೇ.