ಕೆಂಪು ಕಾಗದ ಸುತ್ತಿದ ನೋಟ್‌ಬುಕ್ಕು

ತಪ್ಪೆಲ್ಲ ಆ ಕೆಂಪು ಕಾಗದದ್ದು.

ಥಾನ್ ಮಾಯ್ ಅಜ್ಜಿ ಬರೆದ ಕೊನೆಯ ಕತೆಯಿದ್ದ ನೋಟ್‌ಬುಕ್ಕನ್ನು ಹಾಗೇ ಒಯ್ಯುವುದು ಅಗೌರವವೆಂದು ಗ್ರಂಥಾಲಯದ ಗುಮಾಸ್ತ ಖಾಂಗ್ ಅದನ್ನು ಹೊಳೆಯುವ ಕೆಂಪು ಕಾಗದದಲ್ಲಿ ಸುತ್ತಿದ. ಅಂದು ಅಜ್ಜಿಯ ಮೊದಲ ವರ್ಷದ ತಿಥಿ. ಮಗಳು ಲೀಯೆನ್ ವಾರದ ಹಿಂದೆ ಅದನ್ನು ಅವನಿಗೊಪ್ಪಿಸಿ, "ಇರೋದು ಇದೊಂದೇ ಪ್ರತಿ, ಖಾಂಗ್ ಅಣ್ಣ. ತಿಥಿ ದಿನ ನಾಲ್ಕು ಗಂಟೆಗೆ ನನ್ನ ಕೈಗೇ ಕೊಡಿ" ಎಂದಿದ್ದಳು. ಖಾಂಗ್ ಭಕ್ತಿಯಿಂದ ಅದನ್ನು ತೆರೆದೂ ನೋಡಿರಲಿಲ್ಲ. ಬೀರುವಿನಲ್ಲಿಟ್ಟು, ದಿನಕ್ಕೆ ನಾಲ್ಕು ಸಲ ಬೀಗ ಎಳೆದು ನೋಡುತ್ತಿದ್ದ, ಅಷ್ಟೆ.

ಬೆಳಿಗ್ಗೆ ಅಜ್ಜಿಯ ಮನೆಯಂಗಳದ ಮೇಜಿನ ಮೇಲೆ ಅದನ್ನಿಟ್ಟು ಕೈಕಾಲು ತೊಳೆಯಲು ಹೋದ. ಬಂದು ನೋಡಿದರೆ ಮೇಜು ಬರಿದು. ಗೇಟಿನಾಚೆ ನೆರೆಮನೆಯ ಥೋಮ್ ಅತ್ತೆ ಸತ್ತವರಿಗೆ ತಲುಪಲೆಂದು ತಗಡಿನ ಡಬ್ಬದಲ್ಲಿ ಕಾಗದದ ಅಂಗಿ, ಕಾಗದದ ಚಪ್ಪಲಿ ಸುಡುತ್ತಿದ್ದಳು.

"ಅತ್ತೆ, ಇಲ್ಲೊಂದು ಕೆಂಪು ಕಟ್ಟು..."

"ಅದಾ? ಸುಡೋಕಿಟ್ಟಿದ್ದ ಕಟ್ಟು ತಾನೆ, ಚೆನ್ನಾಗಿ ಉರೀತು ಕಣೋ. ದಿಕ್ಕಿಲ್ಲದ ದೆವ್ವಗಳಿಗೆ ಮೊದಲೇ ಏನಾದ್ರೂ ಕೊಟ್ಬಿಟ್ರೆ ಅಜ್ಜಿ ಊಟಕ್ಕೆ ಅಡ್ಡ ಬರಲ್ಲ."

ಖಾಂಗ್ ಡಬ್ಬದೊಳಗೆ ಕಡ್ಡಿ ಹಾಕಿ ಕೆದಕಿದ; ಬರೀ ಬೂದಿ. ವಿಷಯ ತಿಳಿದಾಗ ಅತ್ತೆ ಎದೆ ಬಡಿದುಕೊಂಡಳು. "ಅಯ್ಯೋ, ಯಾವ ಓದುಬರಹ ಬಾರದ ದೆವ್ವದ ಪಾಲಾಯ್ತೋ!"

ತಿಥಿಯ ಅಡುಗೆಗೆ ಈರುಳ್ಳಿ ಸುಲಿಯುತ್ತಿದ್ದ ಓಣಿಯ ಐದಾರು ಹೆಂಗಸರ ಕೈ ನಿಂತಿತು.

ಗಂಡ ಸತ್ತ ಮೇಲೆ ಹೆಗಲಿಗೆ ಅಡ್ಡೆ ಹೊತ್ತು ಕಪ್ಪೆಚಿಪ್ಪಿನ ಅನ್ನ ಮಾರಿದವರು ಅಜ್ಜಿ. ನಲವತ್ತಕ್ಕೆ ಅಕ್ಷರ ಕಲಿತರು. ಕಲಿತದ್ದನ್ನು ಈ ಹೆಂಗಸರಿಗೆಲ್ಲ ಕಲಿಸಿದರು. ಬರೆದ ಕತೆಯನ್ನು ಮೊದಲು ಓದಿ ಹೇಳುತ್ತಿದ್ದದ್ದೂ ಇವರಿಗೇ.

"ಹೊಸ ನೋಟ್‌ಬುಕ್ ತಗೊಂಬಾರೋ," ಎಂದಳು ಕುಕ್ ಅಕ್ಕ. "ಕತೆ ನಮ್ಗೆ ಬಾಯಿಪಾಠ. ಅಕ್ಷರಾನೂ ಅಜ್ಜೀದೇ."

ನಿಜ. ಆ ಹೆಂಗಸರೆಲ್ಲರ ಅಕ್ಷರವೂ ಅಜ್ಜಿಯ ಅಕ್ಷರದ ಹಾಗೆಯೇ ಅಡ್ಡೆ ಹೊತ್ತಂತೆ ಎಡಕ್ಕೆ ವಾಲುತ್ತಿತ್ತು. ಸರದಿಯ ಮೇಲೆ ಬರೆಯತೊಡಗಿದರು. ಹಳತಾಗಿ ಕಾಣಲೆಂದು ಖಾಂಗ್ ಪುಟಗಳಿಗೆ ಚಹಾ ಸವರಿ ಬಿಸಿಲಿಗೆ ಹಿಡಿಯುತ್ತಿದ್ದ.

"ದೋಣಿಯವಳು ಗಂಡನ್ನ ಹೊಳೆಗೆ ತಳ್ಳಿದಳು," ಎಂದಳು ಥೋಮ್ ಅತ್ತೆ.

"ಎಲ್ಲಿ ತಳ್ಳಿದಳು? ಅವನೇ ಜಾರಿಬಿದ್ದ!" ಎಂದಳು ಕುಕ್ ಅಕ್ಕ.

"ನಿನ್ ಗಂಡ ಒಳ್ಳೆಯವನು, ಅದಕ್ಕೇ ಹಂಗೆ ಕೇಳಿಸಿದೆ ನಿನಗೆ."

"ಜಾರಲಿ ಅತ್ತೆ, ಕೈ ಮುಗೀತೀನಿ," ಎಂದ ಖಾಂಗ್. "ಮೂರೂವರೆ ಆಯ್ತು."

ಗಂಡ ಜಾರಿಬಿದ್ದ. ಕತೆ ಮುಗಿಯಿತು.

ನಾಲ್ಕಕ್ಕೆ ಲೀಯೆನ್ ಬಂದಳು. ನೋಟ್‌ಬುಕ್ಕು ತೆರೆದು ಮೂಗಿಗೆ ಹಿಡಿದಳು. ಖಾಂಗ್ ಚಹಾ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಮರೆಸಿದ.

"ಈರುಳ್ಳಿ ವಾಸನೆ," ಎಂದಳು ಕಣ್ಣೊರೆಸಿಕೊಂಡು. "ಅಮ್ಮನ ಕೈಯೇ."

ಅದನ್ನು ಎದೆಗೊತ್ತಿಕೊಂಡು ಅಂಗಳದ ಮೂಲೆಗೆ ನಡೆದು, ಅಜ್ಜಿಗೆಂದು ಹಚ್ಚಿದ್ದ ಇನ್ನೊಂದು ತಗಡಿನ ಡಬ್ಬದ ಬೆಂಕಿಗೆ ಹಾಕಿಬಿಟ್ಟಳು.

ಖಾಂಗ್ ಡಬ್ಬದ ಕಡೆ ಓಡಿದ.

"ಕತೆ ತಿದ್ದೋದು ಬಾಕಿ ಇದೆ, ವರ್ಷದ ತಿಥಿಗೆ ಸುಟ್ಟು ಕಳಿಸಿಕೊಡು ಅಂದಿದ್ದರು ಅಮ್ಮ," ಎಂದಳು ಲೀಯೆನ್ ಹಗುರಾಗಿ. "ಅದಕ್ಕೇ ವಾರ ಮೊದಲೇ ನಿಮಗೆ ಕೊಟ್ಟಿದ್ದು. ಖಾಂಗ್ ಬಸ್ ಟಿಕೆಟನ್ನೂ ನಕಲು ಮಾಡಿಡೋನು, ಹೇಳೋದೇ ಬೇಡ ಅಂತಿದ್ದರು. ಎಲ್ಲಿ ಅಣ್ಣ ನಕಲು? ಅಚ್ಚಿಗೆ ಕೊಡಬೇಕು."

"ಮನೇಲಿದೆ," ಎಂದಿತು ಖಾಂಗನ ಬಾಯಿ, ಅವನನ್ನು ಕೇಳದೆ. "ನಾಳೆ ತರ್ತೀನಿ."

ಲೀಯೆನ್ ಅನ್ನ ಬಡಿಸಲು ಒಳಗೆ ಹೋದಳು. ಥೋಮ್ ಅತ್ತೆ ಈರುಳ್ಳಿ ಬುಟ್ಟಿ ಎಳೆದುಕೊಂಡು ಕೂತಳು. "ನಮ್ ಕೈ ಸೋತಿದೆ ಕಣೋ. ಈ ಸಲ ನೀನೇ ಬರ್ಕೋ. ದೋಣಿಯವಳು ಗಂಡನ್ನ ಹೊಳೆಗೆ ತಳ್ಳಿದಳು."

"ಆಗ ಜಾರಿಬಿದ್ದ ಅಂತ ಬರೆದ್ರಲ್ಲ ಅತ್ತೆ?"

ಅತ್ತೆ ಡಬ್ಬದಿಂದೇಳುತ್ತಿದ್ದ ಹೊಗೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ಆಗ ಅಜ್ಜಿ ಇನ್ನೂ ತಿದ್ದಿರಲಿಲ್ಲ."